ಇವತ್ತು ನಿಮ್ಮ ವಿಮಾನಕ್ಕೆ ಎಷ್ಟು ರನ್‌ವೇ ಬೇಕು? ಪದೇ ಪದೇ ಕೇಳುವ ಪ್ರಶ್ನೆಗಳು

ಬೆಂಗಳೂರು, ಮೈಸೂರು ಕಡೆ ಸಣ್ಣ ವಿಮಾನ ಹಾರಿಸಲು ಕಲಿಯುತ್ತಿರುವ ಹುಡುಗ ಹುಡುಗಿಯರು ನನ್ನನ್ನು ಕೇಳುವ ಪ್ರಶ್ನೆಗಳು ಇವು. ಲೆಕ್ಕ ತೋರಿಸಲು ಉದ್ದಕ್ಕೂ ಒಂದೇ ವಿಮಾನ ಇಟ್ಟುಕೊಂಡಿದ್ದೇನೆ: ಸೆಸ್ನಾ 172ಎಸ್. 180 ಅಶ್ವಶಕ್ತಿಯ ಲೈಕಮಿಂಗ್ ಎಂಜಿನ್, ನಾಲ್ಕು ಸೀಟು, ಟೇಕಾಫ್‌ಗೆ ಗರಿಷ್ಠ ತೂಕ 1157 ಕಿಲೋ. ನೀವು ಹಾರಿಸುವುದು ಬೇರೆ ವಿಮಾನವಾದರೆ ಅಂಕಿಗಳು ಬದಲಾಗುತ್ತವೆ, ದಾರಿ ಬದಲಾಗುವುದಿಲ್ಲ. ಕೊನೆಯ ಮಾತು ಯಾವತ್ತೂ ನಿಮ್ಮ ವಿಮಾನದ ಕೈಪಿಡಿಯದ್ದೇ, ಅಂದರೆ ಪಿಒಎಚ್‌ನದ್ದು.

ಪಿಒಎಚ್‌ನಲ್ಲಿ 1630 ಅಡಿ ಎಂದು ಬರೆದಿದೆ. ರನ್‌ವೇ ಅದಕ್ಕಿಂತ ಉದ್ದ ಇದ್ದರೆ ಸಾಕಲ್ವಾ?

ಸಾಲದು. ಆ ಸಂಖ್ಯೆ ಯಾವ ದಿನದ್ದು ಎಂದು ಮೊದಲು ನೋಡಿ. ಅದು ಸಮುದ್ರಮಟ್ಟದ್ದು. ಬಿಸಿಲು 15 ಡಿಗ್ರಿ. ಗಾಳಿ ಇಲ್ಲ. ರನ್‌ವೇ ಸಮತಟ್ಟಾಗಿದೆ, ಒಣಗಿದೆ, ಡಾಂಬರಿನದು. ಪೈಲಟ್ ಶಾರ್ಟ್ ಫೀಲ್ಡ್ ವಿಧಾನದಲ್ಲಿ, ಅಂದರೆ ಚಿಕ್ಕ ರನ್‌ವೇಯಿಂದ ಏಳುವ ರೀತಿಯಲ್ಲಿ, ಬ್ರೇಕ್ ಹಿಡಿದು, ಪೂರ್ತಿ ಥ್ರಾಟಲ್ ಕೊಟ್ಟು, ಆಮೇಲೆ ಬ್ರೇಕ್ ಬಿಟ್ಟಿದ್ದಾರೆ. ಅಂಥ ದಿನ 960 ಅಡಿ ಓಡಿ ಚಕ್ರ ನೆಲ ಬಿಡುತ್ತದೆ. ಎದುರಿಗೆ 50 ಅಡಿಯ ಮರ ಇದ್ದರೆ ಅದನ್ನು ದಾಟುವಷ್ಟರಲ್ಲಿ 1630 ಅಡಿ ಮುಗಿದಿರುತ್ತದೆ.

ಇಂಥ ದಿನ ಕರ್ನಾಟಕದಲ್ಲಿ ಎಲ್ಲಿ ಸಿಗುತ್ತದೆ ಹೇಳಿ? ಕರಾವಳಿಯಲ್ಲಿ ಎತ್ತರ ಕಡಿಮೆ, ಸೆಕೆ ಜಾಸ್ತಿ. ಬೆಂಗಳೂರಲ್ಲಿ ಸೆಕೆ ಕಡಿಮೆ, ಎತ್ತರ ಜಾಸ್ತಿ. 1630 ಅನ್ನುವುದು ಲೆಕ್ಕ ಶುರು ಮಾಡುವ ಜಾಗ, ಅಷ್ಟೇ.

ಬೆಂಗಳೂರು ತಂಪಾದ ಊರು, ಸುತ್ತ ಬೆಟ್ಟವೂ ಇಲ್ಲ. ಇಲ್ಲೇನು ತೊಂದರೆ?

ಈ ಪ್ರಶ್ನೆಯೇ ನನಗೆ ಜಾಸ್ತಿ ಭಯ ಹುಟ್ಟಿಸುವುದು. ಮಡಿಕೇರಿಗೆ ಹೋಗುವಾಗ ಘಾಟಿ ಹತ್ತುತ್ತೇವೆ, ಕಿವಿ ಗುಂಯ್ ಅನ್ನುತ್ತದೆ, ಮೇಲೆ ಬಂದೆವು ಅನ್ನುವುದು ಮೈಗೆ ಗೊತ್ತಾಗುತ್ತದೆ. ಬೆಂಗಳೂರಿನಲ್ಲಿ ಹಾಗಾಗುವುದಿಲ್ಲ. ನೆಲ ಚಪ್ಪಟೆಯಾಗಿದೆ, ಕೆರೆ ಇದೆ, ಅಪಾರ್ಟ್‌ಮೆಂಟ್ ಇದೆ. ಹಾಗಾಗಿ ನಾವು ಬೆಟ್ಟದ ಮೇಲೆ ನಿಂತಿದ್ದೇವೆ ಅನ್ನುವುದೇ ಮರೆತುಹೋಗುತ್ತದೆ. ಜಕ್ಕೂರು ಏರ್‌ಫೀಲ್ಡ್ ಇರುವುದು ಸಮುದ್ರಮಟ್ಟದಿಂದ ಸುಮಾರು 3000 ಅಡಿ ಮೇಲೆ. ಎಂಜಿನ್‌ಗೆ ಕೆರೆಯೂ ಕಾಣುವುದಿಲ್ಲ, ಅಪಾರ್ಟ್‌ಮೆಂಟೂ ಕಾಣುವುದಿಲ್ಲ. ಅದಕ್ಕೆ ಗೊತ್ತಾಗುವುದು ಗಾಳಿ ಎಷ್ಟು ತೆಳು ಅನ್ನುವುದೊಂದೇ.

ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ ತೆಗೆದುಕೊಳ್ಳಿ. ಬಿಸಿಲು 34 ಡಿಗ್ರಿ, ಕ್ಯೂಎನ್‌ಎಚ್ (ಸಮುದ್ರಮಟ್ಟದ ಲೆಕ್ಕಕ್ಕೆ ಇಳಿಸಿ ಹೇಳುವ ಆ ಹೊತ್ತಿನ ಗಾಳಿಯ ಒತ್ತಡ, ಹೆಕ್ಟೋಪಾಸ್ಕಲ್‌ನಲ್ಲಿ) 1010.

ಮೊದಲು ಪ್ರೆಶರ್ ಆಲ್ಟಿಟ್ಯೂಡ್, ಅಂದರೆ ಇವತ್ತಿನ ಒತ್ತಡಕ್ಕೆ ಸರಿಪಡಿಸಿದ ಎತ್ತರ. ಮಾದರಿ ಒತ್ತಡ 1013, ಇವತ್ತು 1010, ಅಂದರೆ ಮೂರು ಕಡಿಮೆ. ಒಂದಕ್ಕೆ ಸುಮಾರು 30 ಅಡಿ ಎಂದು ಹಿಡಿದರೆ 90 ಅಡಿ. 3000ಕ್ಕೆ ಸೇರಿಸಿ: 3090. ಸುಮ್ನೆ 3100 ಅನ್ನೋಣ.

ಆಮೇಲೆ, ಈ ಎತ್ತರದಲ್ಲಿ ಮಾದರಿ ವಾತಾವರಣದ ಪ್ರಕಾರ ಎಷ್ಟು ಬಿಸಿ ಇರಬೇಕಿತ್ತು? ಸಮುದ್ರಮಟ್ಟದಲ್ಲಿ 15. ಮೇಲೆ ಹೋದಂತೆ ಪ್ರತಿ ಸಾವಿರ ಅಡಿಗೆ 2 ಡಿಗ್ರಿ ಕಮ್ಮಿ. ಅಂದರೆ ಹತ್ತಿರ ಹತ್ತಿರ 9 ಡಿಗ್ರಿ. ಇರುವುದು 34. ವ್ಯತ್ಯಾಸ 25.

ಕೊನೆಗೆ, ಒಂದೊಂದು ಡಿಗ್ರಿಗೆ 120 ಅಡಿ. 25ಕ್ಕೆ 3000 ಅಡಿ. 3100ಕ್ಕೆ ಕೂಡಿದರೆ 6100.

ಇದೇ ಡೆನ್ಸಿಟಿ ಆಲ್ಟಿಟ್ಯೂಡ್. ನೀವು ನಿಂತಿರುವುದು ಜಕ್ಕೂರಿನ ಡಾಂಬರಿನ ಮೇಲೆ, ಆದರೆ ಆ ಹೊತ್ತಿಗೆ ನಿಮ್ಮ ವಿಮಾನ ಹೆಚ್ಚುಕಮ್ಮಿ ಮುಳ್ಳಯ್ಯನಗಿರಿಯ ತುದಿಯಲ್ಲಿ ನಿಂತಂತೆ ವರ್ತಿಸುತ್ತದೆ. ಅದರ ಎತ್ತರ 1930 ಮೀಟರ್, ಸುಮಾರು 6330 ಅಡಿ. ಅದೇ ದಿನ ಬೆಳಗ್ಗೆ ಆರೂವರೆಗೆ 22 ಡಿಗ್ರಿ ಇದ್ದಿದ್ದರೆ ಲೆಕ್ಕ 4700ರ ಹತ್ತಿರ ನಿಲ್ಲುತ್ತಿತ್ತು. ತಿಂಡಿ ತಿಂದು ನಿಧಾನಕ್ಕೆ ಹೊರಟಿದ್ದಕ್ಕೆ ಸುಮಾರು 1400 ಅಡಿ ಬೆಲೆ.

ಗಾಳಿ ತೆಳುವಾದರೆ ವಿಮಾನಕ್ಕೆ ನಿಜವಾಗಿ ಏನಾಗುತ್ತದೆ?

ಏಟು ಒಂದೇ ಕಡೆ ಬೀಳುವುದಿಲ್ಲ, ಅದೇ ಕಷ್ಟ.

ಮೇಲಿನ ಮಧ್ಯಾಹ್ನದ ಗಾಳಿ, ಮಾದರಿ ಸಮುದ್ರಮಟ್ಟದ ಗಾಳಿಯ ಶೇ 83ರಷ್ಟು ಮಾತ್ರ ದಟ್ಟ. ಟರ್ಬೊ (ಎಂಜಿನ್‌ಗೆ ಗಾಳಿಯನ್ನು ಒತ್ತಿ ತುಂಬುವ ಸಾಧನ) ಇಲ್ಲದ ಎಂಜಿನ್‌ಗೆ ಒಂದು ಹಳೆಯ ಸೂತ್ರವಿದೆ: ಸಾಂದ್ರತೆಯ ಅನುಪಾತದಿಂದ 0.12 ಕಳೆಯಿರಿ, 0.88ರಿಂದ ಭಾಗಿಸಿ. 0.83ರಲ್ಲಿ 0.12 ಹೋದರೆ 0.71. ಭಾಗಿಸಿದರೆ 0.81. ಅಂದರೆ 180 ಅಶ್ವಶಕ್ತಿಯ ಎಂಜಿನ್ ಅವತ್ತು ಕೊಡುವುದು ಸುಮಾರು 146. ಗಾಳಿ ಶೇ 17 ಕಮ್ಮಿ, ಶಕ್ತಿ ಶೇ 19 ಕಮ್ಮಿ. ಯಾಕೆ ಈ ವ್ಯತ್ಯಾಸ? ಎಂಜಿನ್ ತನ್ನೊಳಗಿನ ಘರ್ಷಣೆಗೆ ಖರ್ಚು ಮಾಡುವ ಶಕ್ತಿ ಎಲ್ಲಾ ಎತ್ತರದಲ್ಲೂ ಒಂದೇ ಇರುತ್ತದೆ. ಆದಾಯ ಇಳಿದರೂ ಮನೆ ಬಾಡಿಗೆ ಇಳಿಯದ ಹಾಗೆ.

ಪ್ರೊಪೆಲ್ಲರ್‌ಗೂ ಅದೇ ತೆಳು ಗಾಳಿ, ಹಿಂದಕ್ಕೆ ತಳ್ಳಲು ಹಿಡಿತ ಕಡಿಮೆ.

ಇನ್ನು ರೆಕ್ಕೆ. ನೆಲ ಬಿಡಲು ಮೀಟರ್ ತೋರಿಸಬೇಕಾದ ವೇಗ ಬದಲಾಗುವುದಿಲ್ಲ. 55 ನಾಟ್ (ಗಂಟೆಗೆ 55 ನಾಟಿಕಲ್ ಮೈಲಿ) ಅಂದರೆ 55 ನಾಟ್. ಆದರೆ ಆ ಗಾಳಿಯಲ್ಲಿ ಮೀಟರ್ 55 ತೋರಿಸುವಾಗ ವಿಮಾನ ನಿಜಕ್ಕೂ 60 ನಾಟ್‌ನಲ್ಲಿ ಓಡುತ್ತಿರುತ್ತದೆ. ವೇಗ ಶೇ 9 ಜಾಸ್ತಿಯಾದರೆ ತುಂಬಬೇಕಾದ ಚಲನಶಕ್ತಿ ಶೇ 20 ಜಾಸ್ತಿ. ಕೊಡುವ ಎಂಜಿನ್ ಸೋತಿದೆ, ಕೇಳುವ ರೆಕ್ಕೆ ಜಾಸ್ತಿ ಕೇಳುತ್ತಿದೆ. ರನ್‌ವೇ ಉದ್ದವಾಗಿ ಬೇಕಾಗುವುದು ಇದಕ್ಕೇ.

ಕೋಷ್ಟಕದಲ್ಲಿ 30 ಇದೆ, 40 ಇದೆ. 34 ಡಿಗ್ರಿಗೆ ಏನು ಮಾಡಲಿ?

ನಡುವಿನದನ್ನು ಲೆಕ್ಕ ಹಾಕಿ. 172ಎಸ್‌ನ ಪಿಒಎಚ್‌ನಲ್ಲಿರುವ ಟೇಕಾಫ್ ಕೋಷ್ಟಕದಲ್ಲಿ ಗರಿಷ್ಠ ತೂಕಕ್ಕೆ, ಸಮುದ್ರಮಟ್ಟದಲ್ಲಿ, 30 ಡಿಗ್ರಿಗೆ ಮರ ದಾಟಲು 1810 ಅಡಿ, 40ಕ್ಕೆ 1945. ಹತ್ತು ಡಿಗ್ರಿಗೆ 135 ಅಡಿ ವ್ಯತ್ಯಾಸ, ನಾಲ್ಕು ಡಿಗ್ರಿಗೆ 54. ಹಾಗಾಗಿ 1864. ಇದನ್ನು 1900 ಎಂದು ಬರೆದುಕೊಳ್ಳಿ. ಯಾವತ್ತೂ ಮೇಲಕ್ಕೇ ಸರಿಸಿ. ಎತ್ತರಕ್ಕೂ ಹೀಗೇ. ಸಮಯ ಇಲ್ಲದಿದ್ದರೆ ಇನ್ನೂ ಸುಲಭ: ಮುಂದಿನ ಕೆಟ್ಟ ಸಾಲು, ಮುಂದಿನ ಕೆಟ್ಟ ಕಾಲಂ ಓದಿ. 34ಕ್ಕೆ 40ರ ಕಾಲಂ, 3100ಕ್ಕೆ 4000ದ ಸಾಲು.

ಇಲ್ಲಿ ತುಂಬಾ ಜನ ಮಾಡುವ ತಪ್ಪೊಂದಿದೆ. ಈ ಕೋಷ್ಟಕ ಕೇಳುವುದು ಪ್ರೆಶರ್ ಆಲ್ಟಿಟ್ಯೂಡ್ ಮತ್ತು ಬಿಸಿಲು. ಕೆಲವರು ಕಷ್ಟಪಟ್ಟು ತೆಗೆದ ಡೆನ್ಸಿಟಿ ಆಲ್ಟಿಟ್ಯೂಡನ್ನು ಎತ್ತರದ ಜಾಗಕ್ಕೆ ಹಾಕಿ, ಪಕ್ಕದಲ್ಲಿ ಮತ್ತೆ 34 ಡಿಗ್ರಿ ನೋಡುತ್ತಾರೆ. ಸೆಕೆ ಎರಡು ಸಲ ಲೆಕ್ಕಕ್ಕೆ ಬಂತು! ಉತ್ತರ ಸುರಕ್ಷಿತ ಕಡೆಗೇ ತಪ್ಪುತ್ತದೆ ನಿಜ. ಆದರೆ ಕೋಷ್ಟಕ ಓದಲು ಬರುವುದಿಲ್ಲ ಎಂದೇ ಅರ್ಥ.

ಕೋಷ್ಟಕದ ಕೆಳಗಿನ ಸಣ್ಣ ಅಕ್ಷರದ ಸೂಚನೆಗಳನ್ನು ಬಿಡಬೇಡಿ. ಎದುರುಗಾಳಿ ಪ್ರತಿ 9 ನಾಟ್‌ಗೆ ದೂರ ಶೇ 10 ಕಡಿಮೆ. ಹಿಂಗಾಳಿ ಪ್ರತಿ 2 ನಾಟ್‌ಗೆ ಶೇ 10 ಜಾಸ್ತಿ. ಇನ್ನೊಮ್ಮೆ ಓದಿ: ಒಂದು ಕಡೆ ಒಂಬತ್ತು, ಇನ್ನೊಂದು ಕಡೆ ಎರಡು. ರನ್‌ವೇಯ ಇನ್ನೊಂದು ತುದಿಗೆ ನೆಲದ ಮೇಲೆ ಓಡಿಸಿಕೊಂಡು ಹೋಗುವುದು (ಟ್ಯಾಕ್ಸಿ) ಉಳಿಯುತ್ತದೆ ಎಂದು 4 ನಾಟ್ ಹಿಂಗಾಳಿಯಲ್ಲಿ ಹೊರಟರೆ ಶೇ 20 ಕೊಟ್ಟಿರಿ. ಒಣ ಹುಲ್ಲಿನ ರನ್‌ವೇ ಆದರೆ ನೆಲದ ಓಟದ ಶೇ 15ರಷ್ಟನ್ನು ಕೂಡಬೇಕು.

ಕೈಯಲ್ಲಿ ಕೋಷ್ಟಕ ಇಲ್ಲದಾಗ ಬಾಯಿಲೆಕ್ಕ ಇದೆಯಾ?

ಇದೆ. ಬ್ರಿಟನ್ನಿನ ಸಿವಿಲ್ ಏವಿಯೇಷನ್ ಅಥಾರಿಟಿ ಸಣ್ಣ ವಿಮಾನಗಳಿಗಾಗಿ ಕೊಟ್ಟಿರುವ ಗುಣಕಗಳು ನೆನಪಿಡಲು ಸುಲಭ. ಟೇಕಾಫ್‌ಗೆ: ಎತ್ತರ ಸಾವಿರ ಅಡಿ ಹೆಚ್ಚಿದರೆ 1.1. ಬಿಸಿಲು 10 ಡಿಗ್ರಿ ಹೆಚ್ಚಿದರೆ 1.1. ತೂಕ ಶೇ 10 ಹೆಚ್ಚಿದರೆ 1.2. ಒದ್ದೆ ಹುಲ್ಲಿಗೆ 1.3. ಶೇ 2ರಷ್ಟು ಏರು ಇದ್ದರೆ 1.1. ಇವನ್ನು ಕೂಡಬಾರದು, ಗುಣಿಸಬೇಕು. ಎಲ್ಲ ಆದ ಮೇಲೆ ಸುರಕ್ಷತೆಗೆಂದು 1.33.

ನಮ್ಮ ಏಪ್ರಿಲ್ ಮಧ್ಯಾಹ್ನಕ್ಕೆ ಹಾಕಿ ನೋಡೋಣ. ಮೂರು ಸಾವಿರ ಅಡಿಗೆ 1.1 ಮೂರು ಸಲ: 1.33. ಹೆಚ್ಚಿನ 25 ಡಿಗ್ರಿಗೆ 1.27. ಎರಡನ್ನೂ ಗುಣಿಸಿದರೆ 1.69. ಅಂದರೆ 1630 ಅಡಿ ಹೋಗಿ ಸುಮಾರು 2750 ಅಡಿ ಆಯಿತು. ಸುರಕ್ಷತೆಯ 1.33 ಸೇರಿಸಿದರೆ 3660 ಅಡಿ, ಅಂದರೆ 1100 ಮೀಟರ್‌ಗಿಂತ ಸ್ವಲ್ಪ ಜಾಸ್ತಿ. ಬಾಯಿಲೆಕ್ಕ ಪಿಒಎಚ್‌ಗಿಂತ ತುಸು ಜಾಸ್ತಿ ಕೇಳುತ್ತದೆ, ಕೇಳಲಿ ಬಿಡಿ. ನಾನು ಎರಡನ್ನೂ ಹಾಕುತ್ತೇನೆ. ಎರಡಕ್ಕೂ ತೀರಾ ದೂರ ಬಂದರೆ ಎಲ್ಲೋ ಒಂದು ಕಡೆ ತಪ್ಪು ಓದಿದ್ದೇನೆ ಎಂದು ಗೊತ್ತಾಗುತ್ತದೆ. ರನ್‌ವೇಯ ಈಗಿನ ಉದ್ದವನ್ನು ಏಐಪಿ (ವಿಮಾನಯಾನದ ಅಧಿಕೃತ ಮಾಹಿತಿ ಪುಸ್ತಕ) ಮತ್ತು ನೋಟಮ್‌ನಲ್ಲಿ (ಪೈಲಟ್‌ಗಳಿಗೆ ಹೊರಡಿಸುವ ತಾಜಾ ಸೂಚನೆ) ನೋಡಿ, ನೆನಪಿನಿಂದ ಹೇಳಬೇಡಿ.

ಮಿಕ್ಸ್ಚರ್ ಪೂರ್ತಿ ಮುಂದೆ ಇಟ್ಟೇ ಟೇಕಾಫ್ ಮಾಡಬೇಕು ಎಂದು ಕಲಿಸಿದ್ದಾರೆ. ಸರಿಯಾ?

ಸಮುದ್ರಮಟ್ಟದಲ್ಲಿ ಸರಿ. (ಮಿಕ್ಸ್ಚರ್ ಅಂದರೆ ಎಂಜಿನ್‌ಗೆ ಹೋಗುವ ಗಾಳಿಗೆ ಎಷ್ಟು ಇಂಧನ ಬೆರೆಯಬೇಕು ಎಂದು ಹೊಂದಿಸುವ ಕೆಂಪು ಗುಂಡಿ. ಮುಂದೆ ತಳ್ಳಿದರೆ ಇಂಧನ ಜಾಸ್ತಿ, ಹಿಂದಕ್ಕೆ ಎಳೆದರೆ ಕಡಿಮೆ, ಅಂದರೆ ತೆಳು.) 172ಎಸ್ ಕೈಪಿಡಿ ಹೇಳುವುದು ಬೇರೆ: 3000 ಅಡಿಗಿಂತ ಎತ್ತರದ ಮೈದಾನದಲ್ಲಿ, ಟೇಕಾಫ್‌ಗೆ ಮೊದಲು, ನಿಂತಲ್ಲೇ ಪೂರ್ತಿ ಥ್ರಾಟಲ್ ಕೊಟ್ಟು, ಆರ್‌ಪಿಎಂ ಅತಿ ಹೆಚ್ಚು ಬರುವವರೆಗೆ ಮಿಕ್ಸ್ಚರ್ ತೆಳು ಮಾಡಿ. ಬೆಂಗಳೂರು ಆ ಗೆರೆಯ ಮೇಲೇ ಕೂತಿದೆ. ಸೆಕೆಯ ದಿನ ಗೆರೆ ದಾಟಿ ಎಷ್ಟೋ ದೂರ ಹೋಗಿರುತ್ತದೆ.

ಕಲಿಯುವ ದಿನಗಳಲ್ಲಿ ಇದು ನನಗೇ ಆಯಿತು. ಊರು, ಶಾಲೆ ಬೇಡ. ಮೇ ತಿಂಗಳು, ಇಬ್ಬರೇ ಇದ್ದೆವು, ಮಿಕ್ಸ್ಚರ್ ಪೂರ್ತಿ ಮುಂದೆ. ವಿಮಾನ ಓಡಿತು, ಓಡಿತು, ಮೀಟರ್ 40ರ ಹತ್ತಿರ ನಿಂತೇ ಬಿಟ್ಟ ಹಾಗೆ ಅನ್ನಿಸಿತು. ಎಂಜಿನ್ ಸದ್ದಿನಲ್ಲಿ ಒಂದು ಮಂಕು, ಗಂಟಲು ಕಟ್ಟಿದವರು ಹಾಡಿದ ಹಾಗೆ. ಪಕ್ಕದಲ್ಲಿದ್ದ ಗುರುಗಳು ಮಾತಾಡಲಿಲ್ಲ. ಕೈ ಚಾಚಿ ಕೆಂಪು ಗುಂಡಿಯನ್ನು ಎರಡು ಬೆರಳಿನಷ್ಟು ಹಿಂದಕ್ಕೆ ಎಳೆದರು. ಸದ್ದು ತಿಳಿಯಾಯಿತು, ಆರ್‌ಪಿಎಂ ಮುಳ್ಳು ಮೇಲಕ್ಕೆ ಸರಿಯಿತು, ವಿಮಾನ ಎದ್ದಿತು. ಕೆಳಗೆ ಬಂದ ಮೇಲೆ ಕೇಳಿದ್ದು ಒಂದೇ ಪ್ರಶ್ನೆ: "ನೀನು ಎಷ್ಟು ಅಡಿಯಲ್ಲಿ ಏಳುತ್ತೇನೆ ಅಂದುಕೊಂಡಿದ್ದೆ?" ನನ್ನ ಹತ್ತಿರ ಸಂಖ್ಯೆಯೇ ಇರಲಿಲ್ಲ. ಅವತ್ತಿನಿಂದ ಸಂಖ್ಯೆ ಬರೆಯದೆ ಹೊರಟಿಲ್ಲ.

ಎದ್ದ ಮೇಲೆ ಎಷ್ಟು ಬೇಗ ಹತ್ತುತ್ತದೆ?

ಎರಡು ಬಿಂದು, ಒಂದು ಗೆರೆ ಸಾಕು. 172ಎಸ್ ಗರಿಷ್ಠ ತೂಕದಲ್ಲಿ ಸಮುದ್ರಮಟ್ಟದಲ್ಲಿ ನಿಮಿಷಕ್ಕೆ 730 ಅಡಿ ಹತ್ತುತ್ತದೆ. ಅದರ ಸರ್ವಿಸ್ ಸೀಲಿಂಗ್ 14,000 ಅಡಿ. ಸರ್ವಿಸ್ ಸೀಲಿಂಗ್ ಅಂದರೆ ನಿಮಿಷಕ್ಕೆ ಬರೀ 100 ಅಡಿ ಹತ್ತಲು ಆಗುವ ಎತ್ತರ. ಹದಿನಾಲ್ಕು ಸಾವಿರ ಅಡಿಯಲ್ಲಿ 630 ಕಳೆದುಹೋಯಿತು, ಅಂದರೆ ಸಾವಿರಕ್ಕೆ 45. ಡೆನ್ಸಿಟಿ ಆಲ್ಟಿಟ್ಯೂಡ್ 6100 ಇದ್ದಾಗ ಉಳಿಯುವುದು ಸುಮಾರು 455.

ಈಗ ಇದನ್ನು ಪಶ್ಚಿಮ ಘಟ್ಟಕ್ಕೆ ಒಯ್ಯೋಣ. ಮುಳ್ಳಯ್ಯನಗಿರಿಯನ್ನು ಎರಡು ಸಾವಿರ ಅಡಿ ಮೇಲಿಂದ ದಾಟಬೇಕು, 8500ರಲ್ಲಿ ಹೋಗುತ್ತೀರಿ ಎಂದುಕೊಳ್ಳಿ. ಅಲ್ಲಿ 20 ಡಿಗ್ರಿ ಇದೆ. ಮಾದರಿ ಪ್ರಕಾರ ಇರಬೇಕಾದದ್ದು ಮೈನಸ್ 2. ಡೆನ್ಸಿಟಿ ಆಲ್ಟಿಟ್ಯೂಡ್ 11,000 ದಾಟಿತು. ನಿಮ್ಮ ಬಳಿ ಉಳಿದಿರುವುದು ನಿಮಿಷಕ್ಕೆ ಸುಮಾರು 230 ಅಡಿ. ಪಡುವಣ ಗಾಳಿ ಬಲವಾಗಿ ಬೀಸುವ ದಿನ ಬೆಟ್ಟದ ಮೂಡಣ ಮಗ್ಗುಲಲ್ಲಿ ಗಾಳಿ ಕೆಳಕ್ಕೆ ಇಳಿಯುತ್ತದೆ. ಅದು ನಿಮಿಷಕ್ಕೆ 500 ಅಡಿ ಇಳಿಯುತ್ತಿದ್ದರೆ, ನೀವು ಮೂಗು ಮೇಲೆತ್ತಿ ಪೂರ್ತಿ ಥ್ರಾಟಲ್ ಕೊಟ್ಟರೂ ನಿಮಿಷಕ್ಕೆ 270 ಅಡಿ ಕೆಳಗೆ ಹೋಗುತ್ತಿರುತ್ತೀರಿ. ಚಿಕ್ಕಮಗಳೂರು ಕಡೆಯಿಂದ ಹೋಗುವವರು ಸಿಕ್ಕಿಕೊಳ್ಳುವುದು ಈ ಮಗ್ಗುಲಲ್ಲೇ. ಅದಕ್ಕೇ ಎತ್ತರವನ್ನು ಬೆಟ್ಟಕ್ಕೆ ಬಹಳ ಮೊದಲೇ ಗಳಿಸಬೇಕು, ಬೆಟ್ಟಕ್ಕೆ ಓರೆಯಾಗಿ ಹೋಗಬೇಕು, ತಿರುಗಿ ಇಳಿಜಾರಿನ ಕಡೆ ಬರಲು ಜಾಗ ಉಳಿದಿರಬೇಕು.

ನಾಲ್ಕು ಸೀಟು ಇದೆಯಲ್ಲ, ನಾಲ್ಕು ಜನ ಹೋಗಬಹುದಲ್ವಾ?

ಜನ ಹೋಗಬಹುದು, ಟ್ಯಾಂಕ್ ತುಂಬಿಸಿಕೊಂಡು ಅಲ್ಲ. ಖಾಲಿ ತೂಕ 771 ಕಿಲೋ ಎಂದಿಟ್ಟುಕೊಳ್ಳಿ (ನಿಮ್ಮ ವಿಮಾನದ್ದು ಅದರ ತೂಕದ ಪತ್ರದಲ್ಲಿ ಇರುತ್ತದೆ). ಬಳಸಬಹುದಾದ 53 ಗ್ಯಾಲನ್ ಪೂರ್ತಿ ತುಂಬಿದರೆ ಇಂಧನವೇ 144 ಕಿಲೋ. 1157ರಲ್ಲಿ ಉಳಿಯುವುದು 242. ತಲಾ 75 ಕಿಲೋದ ನಾಲ್ಕು ಜನ ಅಂದರೆ 300. ಆಗುವುದಿಲ್ಲ.

ಇಂಧನ ಇಳಿಸಿದರೆ? 86 ಕಿಲೋಗೆ ಜಾಗವಿದೆ, ಸುಮಾರು 119 ಲೀಟರ್, ಮೂರು ಗಂಟೆ. ಬ್ಯಾಗ್ ಇಲ್ಲದೆ. ಕಾಗದದ ಮೇಲೆ ಇದು ಸರಿ. ಆದರೆ ಗರಿಷ್ಠ ತೂಕದಲ್ಲಿ ಏಪ್ರಿಲ್ ಮಧ್ಯಾಹ್ನ ಬೆಂಗಳೂರಿಂದ ಹೊರಡುವುದನ್ನು ನಾನು ಒಪ್ಪುವುದಿಲ್ಲ. ಒಬ್ಬರನ್ನು ಬಿಟ್ಟು ಹೋಗಿ, ಇಲ್ಲ ಬೆಳಗ್ಗೆ ಹೋಗಿ. ತೂಕ ಸರಿ ಬಂದ ಮೇಲೆ ಸಿ.ಜಿ. (ವಿಮಾನದ ಗುರುತ್ವ ಕೇಂದ್ರ) ಕೂಡ ಗೆರೆಯೊಳಗೆ ಇದೆಯಾ ನೋಡಿ. ಹಿಂದಿನ ಸೀಟಿಗೆ ಇಬ್ಬರು ದಪ್ಪನೆಯವರು ಕೂತರೆ ಅದು ಹಿಂದಕ್ಕೆ ಸರಿಯುತ್ತದೆ.

ಮೈಸೂರಿಗೆ ಹೋಗಿ ಬರಲು ಎಷ್ಟು ಹೊತ್ತು, ಎಷ್ಟು ಇಂಧನ?

ಜಕ್ಕೂರಿನಿಂದ ಮೈಸೂರಿನ ಮಂಡಕಳ್ಳಿ ವಿಮಾನ ನಿಲ್ದಾಣಕ್ಕೆ ನೇರ ಗೆರೆ ಎಳೆದರೆ ಸುಮಾರು 75 ನಾಟಿಕಲ್ ಮೈಲಿ, ನೈಋತ್ಯ ದಿಕ್ಕು. ನಿಜವಾದ ವೇಗ 115 ನಾಟ್ ಎಂದು ಹಿಡಿಯಿರಿ. ಮಳೆಗಾಲದಲ್ಲಿ ಮೇಲೆ ಗಾಳಿ ಪಡುವಣದಿಂದ ಬೀಸುತ್ತದೆ, ಹೋಗುವಾಗ ಎದುರು, ಬರುವಾಗ ಹಿಂದೆ. ಲೆಕ್ಕಕ್ಕೆ ನೇರ 25 ನಾಟ್ ಅನ್ನೋಣ.

ಹೋಗುವಾಗ ನೆಲದ ಮೇಲಿನ ವೇಗ 90, ಹೊತ್ತು 50 ನಿಮಿಷ. ಬರುವಾಗ 140, ಹೊತ್ತು 32 ನಿಮಿಷ. ಒಟ್ಟು 82. ಗಾಳಿಯೇ ಇಲ್ಲದಿದ್ದರೆ 78. ಹೋಗುವಾಗ ಕಳೆದುಕೊಂಡದ್ದು ಬರುವಾಗ ಸಿಗುತ್ತದೆ ಎಂದು ಎಲ್ಲರೂ ಅಂದುಕೊಳ್ಳುತ್ತಾರೆ, ಪೂರ್ತಿ ಸಿಗುವುದಿಲ್ಲ. ಎದುರುಗಾಳಿಯಲ್ಲಿ ನೀವು ಹೆಚ್ಚು ಹೊತ್ತು ಇರುತ್ತೀರಿ, ಹಿಂಗಾಳಿಯಲ್ಲಿ ಕಡಿಮೆ ಹೊತ್ತು.

ಇಂಧನ: ಗಂಟೆಗೆ 38 ಲೀಟರ್ ಹಿಡಿಯುತ್ತೇನೆ. ಶಕ್ತಿ ಕಡಿಮೆ ಇಟ್ಟರೆ ಕೋಷ್ಟಕ ಇನ್ನೂ ಕಡಿಮೆ ತೋರಿಸುತ್ತದೆ, ನಾನು ಅದನ್ನು ಉಳಿತಾಯ ಎಂದು ಬಿಡುತ್ತೇನೆ. 82 ನಿಮಿಷಕ್ಕೆ 52 ಲೀಟರ್. ಸ್ಟಾರ್ಟ್, ಟ್ಯಾಕ್ಸಿ, ಟೇಕಾಫ್‌ಗೆ ಕೈಪಿಡಿ ಕೊಡುವುದು 1.4 ಗ್ಯಾಲನ್, 5 ಲೀಟರ್‌ಗೆ ಸ್ವಲ್ಪ ಜಾಸ್ತಿ. ಮೈಸೂರಿನಲ್ಲಿ ಇಳಿದು ಮತ್ತೆ ಹೊರಟರೆ ಅದು ಎರಡು ಸಲ. ಎರಡೂ ಕಡೆ ಹತ್ತುವುದಕ್ಕೆ ಇನ್ನೊಂದು 5. ಮೀಸಲು ಹಗಲಿನ ವಿಎಫ್‌ಆರ್‌ಗೆ (ಕಣ್ಣಿಂದ ಹೊರಗೆ ನೋಡಿಕೊಂಡು ಹಾರುವುದಕ್ಕೆ) ಅಂತಾರಾಷ್ಟ್ರೀಯ ನಿಯಮದ ಪ್ರಕಾರ ಕನಿಷ್ಠ 30 ನಿಮಿಷ, ರಾತ್ರಿಗೆ 45. ನಾನು ಒಂದು ಗಂಟೆಗಿಂತ ಕಡಿಮೆ ಇಡುವುದಿಲ್ಲ: 38. ಒಟ್ಟು 106 ಲೀಟರ್. ಹೊರಡುವ ಮೊದಲು ಡಿಪ್ ಸ್ಟಿಕ್ ಹಾಕಿ ನೋಡಿ. ಮೀಟರ್ ನಂಬಿ ಹೊರಡಬೇಡಿ.

ಮಂಗಳೂರಿನ ತೇವ ಲೆಕ್ಕಕ್ಕೆ ಬರುತ್ತದಾ?

ಬರುತ್ತದೆ, ಸ್ವಲ್ಪ. ನೀರಾವಿ ಒಣ ಗಾಳಿಗಿಂತ ಹಗುರ, ಹಾಗಾಗಿ ಸಾಂದ್ರತೆ ಇಳಿಯುತ್ತದೆ, ಎಂಜಿನ್‌ಗೆ ಆಮ್ಲಜನಕವೂ ಕಡಿಮೆ. ಕೋಷ್ಟಕದಲ್ಲಿ ಇದಕ್ಕೆ ಕಾಲಂ ಇಲ್ಲ. ಮಳೆಗಾಲದ ಸೆಕೆಯಲ್ಲಿ ಕೆಲವು ನೂರು ಅಡಿ ಜಾಸ್ತಿ ಡೆನ್ಸಿಟಿ ಆಲ್ಟಿಟ್ಯೂಡ್ ಎಂದು ಹಿಡಿದರೆ ಸಾಕು.

ಟರ್ಬೊ ಇದ್ದರೆ ಇದೆಲ್ಲ ಬೇಡವಾ?

ಎಂಜಿನ್‌ನ ಭಾಗ ಮಾತ್ರ ಸುಧಾರಿಸುತ್ತದೆ. ಬೆಂಗಳೂರಿನ ಎನ್‌ಎಎಲ್ (ನ್ಯಾಷನಲ್ ಏರೋಸ್ಪೇಸ್ ಲ್ಯಾಬೊರೇಟರೀಸ್) ಮಾಡಿದ ಹಂಸ-3 ಎಂಬ ಸಣ್ಣ ವಿಮಾನದಲ್ಲಿ ಟರ್ಬೊ ಇರುವ ರೋಟ್ಯಾಕ್ಸ್ 914 ಎಂಜಿನ್ ಇದೆ. ಅದು ಎತ್ತರದಲ್ಲೂ ಶಕ್ತಿ ಹಿಡಿದಿಡುತ್ತದೆ. ರೆಕ್ಕೆಗೆ ಟರ್ಬೊ ಇಲ್ಲ. ನೆಲದ ಮೇಲಿನ ವೇಗ ಅದೇ ಜಾಸ್ತಿ.

ಇಳಿಯುವುದಕ್ಕೂ ಇಷ್ಟು ಲೆಕ್ಕ ಬೇಕಾ?

ಬೇಕು, ಆದರೆ ಇಳಿಯುವಾಗ ಎಂಜಿನ್ ಸೋತರೂ ನಷ್ಟವಿಲ್ಲ, ಹಾಗಾಗಿ ಏಟು ಅರ್ಧ. ಸಾವಿರ ಅಡಿಗೆ ಶೇ 5, ಹತ್ತು ಡಿಗ್ರಿಗೆ ಶೇ 5. 172ಎಸ್ ಮಾದರಿ ದಿನದಲ್ಲಿ ಮರ ದಾಟಿ ಇಳಿದು ನಿಲ್ಲಲು 1335 ಅಡಿ ತೆಗೆದುಕೊಳ್ಳುತ್ತದೆ, ಅದರಲ್ಲಿ ನೆಲದ ಓಟ 575. ಅಂದರೆ ಟೇಕಾಫ್‌ಗೆ ಬೇಕಾದಷ್ಟು ಇಲ್ಲ. ಈ ವ್ಯತ್ಯಾಸ ಮೋಸ ಮಾಡುತ್ತದೆ: ಆರಾಮಾಗಿ ಇಳಿದ ಜಾಗದಿಂದ ಮತ್ತೆ ಏಳಲು ಆಗದೆ ಇರಬಹುದು. ಹೊಸ ಜಾಗಕ್ಕೆ ಹೋಗುವ ಮೊದಲು ಅಲ್ಲಿಂದ ಹೊರಡುವ ಲೆಕ್ಕ ಹಾಕಿ, ಇಳಿಯುವ ಲೆಕ್ಕ ಆಮೇಲೆ.

ನಮ್ಮ ಶಾಲೆಯ ವಿಮಾನ ಹಳೆಯದು. ಪಿಒಎಚ್ ಅಂಕಿ ಅದಕ್ಕೆ ಹೊಂದುತ್ತದಾ?

ನೀವೇ ಅಳೆಯಿರಿ. ನಾನು ಒಂದು ಇನ್ನೂರು ಪುಟದ ನೋಟ್‌ಬುಕ್ ಇಟ್ಟಿದ್ದೇನೆ. ಎಡ ಪುಟದಲ್ಲಿ ಹೊರಡುವ ಮೊದಲು ಬರೆದ ಅಂದಾಜು, ಬಲ ಪುಟದಲ್ಲಿ ಆದದ್ದು. ಬಿಸಿಲು, ಕ್ಯೂಎನ್‌ಎಚ್, ತೂಕ, ಗಾಳಿ, ಓಡಿದ ದೂರ. ದೂರಕ್ಕೆ ಫೋನಿನ ಜಿಪಿಎಸ್ ರೆಕಾರ್ಡಿಂಗ್ ಸಾಕು, ಅಥವಾ ರನ್‌ವೇ ಪಕ್ಕದ ಎಷ್ಟನೇ ದೀಪದ ಹತ್ತಿರ ಚಕ್ರ ಎದ್ದಿತು ಎಂದು ಸ್ನೇಹಿತರು ದೂರದಿಂದ ನೋಡಿ ಹೇಳಲಿ. ಅಂದಾಜು 1450, ಆದದ್ದು 1600 ಎಂದು ಹತ್ತು ಸಲ ಬಂದರೆ, ಆ ವಿಮಾನಕ್ಕೂ ನಿಮ್ಮ ಕೈಗೂ ಸೇರಿ 1.1 ಎಂಬ ಗುಣಕ ಸಿಕ್ಕಿತು. ಒಮ್ಮೆಲೇ 1.25 ಬಂದರೆ ಮೆಕ್ಯಾನಿಕ್ ಹತ್ತಿರ ಹೋಗಿ. ಟೈರ್‌ನಲ್ಲಿ ಗಾಳಿ ಕಮ್ಮಿ ಇರಬಹುದು, ಬ್ರೇಕ್ ಉಜ್ಜುತ್ತಿರಬಹುದು, ಪ್ಲಗ್ ಕೊಳೆಯಾಗಿರಬಹುದು.

ಓಡುತ್ತಿರುವಾಗಲೇ ಲೆಕ್ಕ ತಪ್ಪಿದೆ ಎಂದು ಹೇಗೆ ತಿಳಿಯುತ್ತದೆ?

ಅರ್ಧ ರನ್‌ವೇಯಲ್ಲಿ, ಏಳುವ ವೇಗದ ಶೇ 70 ಬಂದಿರಬೇಕು. ಇಲ್ಲದಿದ್ದರೆ ಥ್ರಾಟಲ್ ಎಳೆದು ನಿಲ್ಲಿಸಿ. 55ರಲ್ಲಿ ಏಳುವ ವಿಮಾನಕ್ಕೆ 39 ನಾಟ್. 0.7ರ ವರ್ಗ 0.49, ಅಂದರೆ ಅರ್ಧ ದೂರಕ್ಕೆ ಅರ್ಧ ಚಲನಶಕ್ತಿ. ಈ ನಿಯಮ ಬಂದಿದ್ದು ಅಲ್ಲಿಂದ.

ಆದರೆ ಗಮನಿಸಿ, ಸರಿಯಾಗಿ ಶೇ 70 ಬಂದರೆ ನೀವು ಏಳುವುದು ರನ್‌ವೇಯ ತುದಿಯಲ್ಲಿ! ಮುಂದಿನ ಮರದ ಬಗ್ಗೆ ಈ ನಿಯಮ ಏನೂ ಹೇಳುವುದಿಲ್ಲ. ಹಾಗಾಗಿ ನಾನು ರನ್‌ವೇಯ ಅರ್ಧ ನೋಡುವುದಿಲ್ಲ, ನನ್ನ ಅಂದಾಜಿನ ಅರ್ಧ ನೋಡುತ್ತೇನೆ. ನೆಲದ ಓಟ 1600 ಅಡಿ ಎಂದು ಬರೆದಿದ್ದರೆ, 800 ಅಡಿಯಲ್ಲಿ ಏನಿದೆ ಎಂದು ಮೊದಲೇ ಗುರುತು ಮಾಡಿಕೊಳ್ಳುತ್ತೇನೆ: ಒಂದು ಟ್ಯಾಕ್ಸಿವೇ ತಿರುವು, ಒಂದು ಬೋರ್ಡು. ಅಲ್ಲಿಗೆ 39 ಬರಲಿಲ್ಲ ಅಂದರೆ ಇವತ್ತಿನ ವಿಮಾನ ನಾನು ಲೆಕ್ಕ ಹಾಕಿದ ವಿಮಾನ ಅಲ್ಲ. ನಿಲ್ಲಿಸಲು ಇನ್ನೂ ಬೇಕಾದಷ್ಟು ಡಾಂಬರು ಮುಂದಿರುತ್ತದೆ.

ಆ್ಯಪ್ ಎಲ್ಲ ಲೆಕ್ಕ ಮಾಡಿಕೊಡುತ್ತದಲ್ಲ?

ಮಾಡಿಕೊಡಲಿ, ನಾನೂ ಬಳಸುತ್ತೇನೆ. ಆದರೆ ಒಂದು ಸಲ ಕೈಯಲ್ಲಿ ಲೆಕ್ಕ ಹಾಕಿ, ಆಮೇಲೆ ಆ್ಯಪ್ ತೆರೆಯಿರಿ. ಕ್ಯೂಎನ್‌ಎಚ್ 1010 ಬದಲು 1001 ಎಂದು ಒತ್ತಿದರೆ ಆ್ಯಪ್ ತಕರಾರು ಮಾಡುವುದಿಲ್ಲ. 6100 ಬರಬೇಕಿದ್ದ ಜಾಗದಲ್ಲಿ ಬೇರೇನೋ ಬಂತಲ್ಲ ಎಂದು ಕಣ್ಣಿಗೆ ಹೊಡೆಯುವುದು ಪೆನ್ಸಿಲ್ ಹಿಡಿದು ಒಮ್ಮೆ ಮಾಡಿದವರಿಗೆ ಮಾತ್ರ. ಬಿಸಿಲು ಹೊರಡುವ ಹೊತ್ತಿನದ್ದನ್ನೇ ಹಾಕಿ. ಬೆಳಗ್ಗೆ ಏಳಕ್ಕೆ ಹಾಕಿಟ್ಟ ಲೆಕ್ಕ, ಕ್ಲಿಯರೆನ್ಸ್ ತಡವಾಗಿ ಹನ್ನೊಂದಕ್ಕೆ ಹೊರಟರೆ ಹಳಸಿರುತ್ತದೆ. ಮತ್ತೆ ಹಾಕಿ.